ಸೈಕಲ್ ಬೇಡವೆಂದ ಸಭೆ

ನಾನು ಇಂಡಿ ತಾಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಲಚ್ಯಾಣದ ಕಡೆಯ ಹೊಲದ ವಸ್ತಿಗಳಿಂದ ಹುಡುಗಿಯರು ಸೈಕಲ್ ಮೇಲೆ ಬರುತ್ತಾರೆ. ಹೋದ ಕಬ್ಬಿನ ಹಂಗಾಮಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಳ್ಳದ ತಿರುವಿನಲ್ಲಿ ಟ್ರ್ಯಾಕ್ಟರ್ ಕಂಡು ಗಾಬರಿಯಾಗಿ ತಗ್ಗಿಗೆ ಬಿದ್ದಳು. ಮುಂಗೈ ಮುರಿಯಿತು.

ಮರುವಾರವೇ ಪಾಲಕರ ಸಭೆ ಕರೆದೆವು. ಶಾಲಾ ಸಮಿತಿಯ ಅಧ್ಯಕ್ಷರಾದ ಊರ ಗೌಡರು ಮಾತು ತೆಗೆದರು.

“ನಾಳಿಂದ ಹೆಣ್ಣಮಕ್ಕಳು ಸೈಕಲ್ ಮ್ಯಾಲ ಬರೂದು ಬ್ಯಾಡ. ಮನಿಯವರು ಗಾಡಿ ಮ್ಯಾಲ ತಂದು ಬಿಡ್ರಿ.”

“ಖರೆ ಐತ್ರಿ,” ಎಂದು ಎಲ್ಲರೂ ತಲೆಯಾಡಿಸಿದರು. ಗಾಡಿಯಿಲ್ಲದ ಮನೆಯ ಹುಡುಗಿಯರು ಶಾಲೆ ಬಿಡುತ್ತಾರೆಂದು ನನಗೆ ಸಂಕಟವಾಯಿತು. ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ಬಿದ್ದ ಹುಡುಗಿಯ ತಾಯಿ; ಕುರಿ ಸಾಕುವ ಮನೆಯವಳು.

“ನಾ ಒಪ್ಪೂದಿಲ್ರಿ ಗೌಡ್ರ.”

“ನಿನ್ನ ಮಗಳ ಸಲುವಾಗೇ ಕೂಡೇವಲ್ಲವ್ವಾ!”

“ಅದಕ್ಕ ಹೇಳಾಕತ್ತೇನ್ರಿ. ತಿರುವಿನ್ಯಾಗ ಜಾಲಿ ಕಂಟಿ ಬೆಳದು ಎದುರಿನ ಗಾಡಿ ಕಾಣೂದಿಲ್ಲ. ಕಂಟಿ ಬಿಟ್ಟು ಸೈಕಲ್ ಯಾಕ ಬಿಡಸ್ತೀರಿ? ಅವರಪ್ಪ ಕುರಿ ಹಿಂದ ಹೋದ್ರ ವಾರಗಟ್ಟಲೆ ಬರಾಂಗಿಲ್ಲ. ಸೈಕಲ್ ನಿಂತ್ರ ಆಕಿ ಸಾಲಿ ನಿಂತಂಗ.”

“ಊರೆಲ್ಲ ಒಂದಾದ್ರ ಈಕಿದೊಂದು ಬ್ಯಾರೆ,” ಎಂದು ಯಾರೋ ನಕ್ಕರು. ಅವಳು ನಿಂತೇ ಇದ್ದಳು.

ಆಗ ಕಿರಾಣಿ ಅಂಗಡಿ ನಡೆಸುವ ಮುದುಕರೊಬ್ಬರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ನಮ್ಮ ಮೊಮ್ಮಗಳನ್ನ ಬಿಡಾಕೂ ಯಾರಿಲ್ರಿ. ಎಲ್ಲಾರೂ ಹೂಂ ಅಂದ್ರಂತ ನಾನೂ ಹೂಂ ಅಂದೆ.”

ಅವರ ಹಿಂದೆಯೇ ಇನ್ನೊಬ್ಬ ತಾಯಿ ಬಾಯಿಬಿಟ್ಟಳು. ನಾನೂ ನನಗನ್ನಿಸಿದ್ದನ್ನು ಹೇಳಿದೆ. ಐದು ನಿಮಿಷದ ಹಿಂದೆ ತಲೆಯಾಡಿಸಿದವರಲ್ಲಿ ಅರ್ಧ ಜನಕ್ಕೆ ಆ ಮಾತು ಮನಸ್ಸಿನಿಂದ ಒಪ್ಪಿಗೆಯಿರಲಿಲ್ಲವೆಂದು ಆಗ ತಿಳಿಯಿತು. ಗೌಡರು ಮೀಸೆ ಸವರುತ್ತ ಕೇಳುತ್ತಲೇ ಇದ್ದರು. ಕೊನೆಗೆ, “ಹಂಗಾರ ಮದ್ಲ ಕಂಟಿ ಕಡಿಯೂಣು, ನಡ್ರಿ,” ಎಂದರು.

ರವಿವಾರ ಅವರೇ ಕೊಡಲಿ ಹಿಡಿದು ಬಂದರು. ಮಧ್ಯಾಹ್ನದ ಹೊತ್ತಿಗೆ ತಿರುವು ಬಯಲಾಯಿತು. ಅಲ್ಲಿ ನಿಧಾನಕ್ಕೆ ಹೋಗಬೇಕೆಂದು ಟ್ರ್ಯಾಕ್ಟರಿನವರಿಗೂ ತಾಕೀತಾಯಿತು. ಹುಡುಗಿ ಕೈಯ ಪಟ್ಟಿ ಬಿಚ್ಚುವವರೆಗೆ ಗೆಳತಿಯ ಕ್ಯಾರಿಯರ್ ಮೇಲೆ ಕೂತು ಬಂದಳು. ಈಗ ತಾನೇ ತುಳಿಯುತ್ತಾಳೆ.

ಈಚೆಗೆ ಯಾವ ಸಭೆಯಲ್ಲೂ ಮಾತು ಮುಗಿಸುವ ಮೊದಲು ನಾನು ಕೇಳುತ್ತೇನೆ: “ಒಪ್ಪದವ್ರು ಯಾರರ ಅದೀರೇನ್ರಿ?” ಮೊನ್ನೆ ಹಾಗೆ ಕೇಳಿದ್ದಕ್ಕೆ ಮೂವರು ಎದ್ದರು. ವಾದ ನಡೆದೇ ನಡೆಯಿತು, ಚಹಾ ಆರಿಹೋಯಿತು. ಗೌಡರು ನಗುತ್ತ ಇನ್ನೊಂದು ಸುತ್ತು ಚಹಾ ತರಿಸಿದರು.