ತಾನಾಗೇ ಓಡುತ್ತಿದ್ದ ಬಾಣ

ಕೆಲವು ವರ್ಷ ನಾನು ಚಾಮರಾಜನಗರದ ಹೊರಗಿದ್ದ ಒಂದು ಕರಿಕಲ್ಲಿನ ಕಾರ್ಖಾನೆಯ ಆಫೀಸಿನಲ್ಲಿ ಬಿಲ್ಲು ಮಾಡುವ ಕೆಲಸದಲ್ಲಿದ್ದೆ. ಮನೆ ಗುಂಡ್ಲುಪೇಟೆಯಲ್ಲಿ. ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದರೆ ಆಫೀಸು ತೆರೆಯುವ ಹೊತ್ತಿಗೆ ಹೋಗಿ ಸೇರುತ್ತಿದ್ದೆ.

ಮೂವತ್ತು ದಾಟಿದ ಮೇಲೆ ನನ್ನ ಎರಡೂ ಕಣ್ಣಿನ ನಡುಭಾಗ ಹಾಳಾಗುತ್ತ ಬಂತು. ಪೂರ್ತಿ ಕುರುಡಲ್ಲ. ಎದುರಿಗೆ ನಿಂತವರ ಭುಜ ಕಾಣುತ್ತದೆ, ಕಿವಿಯ ಓಲೆ ಕಾಣುತ್ತದೆ, ಮುಖ ಇರಬೇಕಾದ ಜಾಗ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಕಲಸಿಹೋಗಿರುತ್ತದೆ. ಅದಕ್ಕೇ ಏನು ನೋಡಬೇಕಾದರೂ ಕತ್ತು ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತೇನೆ. ಅಕ್ಷರ ದೊಡ್ಡದಿದ್ದರೆ ಓದುತ್ತೇನೆ.

ಆಫೀಸಿನಲ್ಲಿ ನಮಗಿದ್ದದ್ದು ಒಂದೇ ಲ್ಯಾಪ್‌ಟಾಪು. ಮಧ್ಯಾಹ್ನದ ಮೇಲೆ ಮ್ಯಾನೇಜರು ಅದನ್ನು ಕ್ವಾರಿಗೆ ಎತ್ತಿಕೊಂಡು ಹೋಗುತ್ತಿದ್ದರು. ಸಂಜೆ ವಾಪಸು ತಂದಿಡುತ್ತಿದ್ದರು. ಬೆಳಿಗ್ಗೆ ನಾನು ಅದಕ್ಕೆ ದೊಡ್ಡ ಪರದೆಯ ವಯರು, ದಪ್ಪ ಅಕ್ಷರದ ಕೀಬೋರ್ಡು, ಮೌಸು, ಪ್ರಿಂಟರು, ಇಂಟರ್‌ನೆಟ್ಟಿನ ವಯರು ಎಲ್ಲವನ್ನೂ ತಡಕಿ ತಡಕಿ ಸಿಕ್ಕಿಸಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಅಷ್ಟು ತೂತೂ ಇರಲಿಲ್ಲ. ಒಂದನ್ನು ಕಿತ್ತು ಇನ್ನೊಂದನ್ನು ಹಾಕುವುದೇ ಆಗುತ್ತಿತ್ತು.

ಲೆಕ್ಕ ನೋಡಲು ಮೈಸೂರಿನಿಂದ ಬರುತ್ತಿದ್ದ ಆಡಿಟರು ಒಂದು ದಿನ ಇದನ್ನು ನೋಡಿ, "ಒಂದು ಡಾಕ್ ತರಿಸಿಕೊಡಿ ಇವರಿಗೆ. ಎಲ್ಲ ವಯರೂ ಅದಕ್ಕೆ ಸಿಕ್ಕಿಸಿ ಇಟ್ಟರೆ ಲ್ಯಾಪ್‌ಟಾಪಿಗೆ ಒಂದೇ ವಯರು ಸಾಕು" ಅಂದರು. ಯಜಮಾನರು ಗೊಣಗುತ್ತಲೇ ತರಿಸಿದರು.

ಅದು ಬಂದ ದಿನ ಯಾರಿಗೂ ಮುಟ್ಟಲು ಬಿಡದೆ ನಾನೇ ಜೋಡಿಸಿದೆ. ಟಿಫನ್ ಡಬ್ಬಿಯಷ್ಟು ಉದ್ದದ ತಣ್ಣಗಿನ ಪೆಟ್ಟಿಗೆ. ಮೊದಲು ಅದರದೇ ಕರೆಂಟಿನ ವಯರು, ಆಮೇಲೆ ಪರದೆಯದು, ಆಮೇಲೆ ಮಿಕ್ಕದ್ದು. ಬೆರಳಿನಲ್ಲಿ ಅಗಲ ನೋಡಿದರೆ ಯಾವುದಕ್ಕೆ ಯಾವುದು ಅಂತ ತಿಳಿಯುತ್ತಿತ್ತು. ಎಲ್ಲ ಹಾಕಿದರೂ ಪರದೆ ಕಪ್ಪಗೇ ಇತ್ತು. ಲ್ಯಾಪ್‌ಟಾಪಿನ ಎಡಕ್ಕೆ ಒಂದೇ ತರಹದ ಎರಡು ತೂತುಗಳಿದ್ದವು. ಹಿಂದಿನದರಲ್ಲಿ ಚಾರ್ಜು ಮಾತ್ರ ಆಗುತ್ತಿತ್ತು, ಮುಂದಿನದರಲ್ಲಿ ಚಿತ್ರವೂ ಹೋಗುತ್ತಿತ್ತು. ಬದಲಿಸಿ ಹಾಕಿದ ತಕ್ಷಣ ಪರದೆ ಬೆಳಗಿತು. ಮುಚ್ಚಳ ಮುಚ್ಚಿದರೂ ಆರಿಹೋಗದ ಹಾಗೆ ಸೆಟ್ಟಿಂಗ್ ಮಾಡಿದೆ. ಅಕ್ಷರವನ್ನು ನೆಲ್ಲಿಕಾಯಿ ಗಾತ್ರಕ್ಕೆ ಏರಿಸಿದೆ. ಮೌಸಿನ ಬಾಣವನ್ನೂ ದಪ್ಪ ಮಾಡಿಕೊಂಡೆ.

ನನ್ನ ಬೆನ್ನ ಹಿಂದಿನ ಟೇಬಲ್ಲಿನಲ್ಲಿ ಕೂರುತ್ತಿದ್ದವಳು ಕುದೇರಿನ ಕಡೆಯ ಹುಡುಗಿ, ಡಿಗ್ರಿ ಮುಗಿಸಿ ಹೊಸದಾಗಿ ಸೇರಿದ್ದಳು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು. ನನ್ನ ಡಬ್ಬಿಯ ಹುರುಳಿ ಸಾರೆಂದರೆ ಅವಳಿಗೆ ಇಷ್ಟ. ಅದಕ್ಕಾಗಿಯೇ ಸ್ವಲ್ಪ ಹೆಚ್ಚು ಹಾಕಿಕೊಂಡು ಬರುತ್ತಿದ್ದೆ. "ಈಗ ನಿಮ್ಮ ಸ್ಪೀಡ್ ನಮ್ಗೂ ಬರಲ್ಲ ಕಣಕ್ಕ" ಅಂದಳು, ಡಾಕ್ ಬಂದ ವಾರದಲ್ಲಿ. ನಾನು ನಂಬಿದೆ, ಏಕೆಂದರೆ ಅದು ನಿಜವೂ ಆಗಿತ್ತು.

ಸ್ವಲ್ಪ ದಿನ ಕಳೆದ ಮೇಲೆ ಬಾಣ ತಾನಾಗೇ ಓಡತೊಡಗಿತು.

ಮೊದಲು ಒಂದಿಷ್ಟು ಜಾರಿತು, ಅಷ್ಟೆ. ಮೇಜು ಅಲ್ಲಾಡಿರಬೇಕು ಅಂದುಕೊಂಡೆ. ಹೊರಗೆ ಕಲ್ಲು ಕೊಯ್ಯುವ ಮಿಷನ್ನು ಓಡುತ್ತಿದ್ದರೆ ಗೋಡೆಯೇ ಅದುರುತ್ತಿತ್ತು. ಆಮೇಲೆ ನಾನು ಒತ್ತಬೇಕೆಂದ ಜಾಗಕ್ಕೆ ಬಾಣ ತಂದರೆ, ಒತ್ತುವಷ್ಟರಲ್ಲಿ ಅದು ಮೇಲಿನ ಮೂಲೆಗೆ ಹೋಗಿರುತ್ತಿತ್ತು. ಕತ್ತು ಓರೆ ಮಾಡಿ, ಪರದೆಯ ಹತ್ತಿರ ಹೋಗಿ ಹುಡುಕುತ್ತಿದ್ದೆ. ಸಿಕ್ಕಿತು ಅನ್ನುವಾಗ ಮತ್ತೆ ಇನ್ನೊಂದು ಕಡೆ. ಅಂಕಿ ಹೊಡೆಯುತ್ತಿದ್ದರೆ ಅರ್ಧ ಈ ಚೌಕದಲ್ಲಿ, ಅರ್ಧ ಪಕ್ಕದ ಚೌಕದಲ್ಲಿ ಬೀಳುತ್ತಿತ್ತು. ಒಂದೊಂದು ಸಲ ಮಾಡಿದ ಬಿಲ್ಲೇ ಮುಚ್ಚಿಹೋಗುತ್ತಿತ್ತು.

"ಇಲ್ಲಿ ನೋಡು, ಬಾಣ ತಾನಾಗೇ ಓಡ್ತದೆ" ಅಂತ ಹುಡುಗಿಯನ್ನು ಕರೆದೆ. ಅವಳು ಬಂದು ನನ್ನ ಹಿಂದೆ ನಿಂತು ನೋಡಿ, "ಎಲ್ಲಕ್ಕ? ಅಲ್ಲೇ ಅದಲ್ಲ, ನೆಟ್ಟಗೆ ನಿಂತದೆ" ಅಂದಳು. ಮ್ಯಾನೇಜರನ್ನು ಕೇಳಿದೆ. "ನಿಂತೇ ಅದೆ ಕಣಮ್ಮ. ಒಂದ್ಸಲ ಕಣ್ಣು ತೋರಿಸ್ಕಂಡು ಬಾ" ಅಂದರು. ಅವರ ದನಿಯಲ್ಲಿ ಕನಿಕರವಿತ್ತು.

ಆ ದಿನಗಳಲ್ಲಿ ಆಫೀಸಿನಲ್ಲಿ ಆಗಾಗ ಉಸಿರು ಬಿಗಿಹಿಡಿದು ನಕ್ಕ ಹಾಗೆ ಕೇಳುತ್ತಿತ್ತು. ಫೋನಿನಲ್ಲಿ ಏನೋ ನೋಡುತ್ತಿದ್ದಾರೆ ಅಂದುಕೊಂಡಿದ್ದೆ.

ತಮಿಳುನಾಡಿಗೆ ಹೊರಟಿದ್ದ ಕಲ್ಲಿನ ಲಾರಿಯನ್ನು ಒಂದು ದಿನ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು. ಬಿಲ್ಲಿನಲ್ಲಿದ್ದ ಗಾಡಿ ನಂಬರೇ ಬೇರೆ, ಲಾರಿಯ ನಂಬರೇ ಬೇರೆ. ಡ್ರೈವರು ಮಾರನೆಯ ದಿನದವರೆಗೂ ಅಲ್ಲೇ ಬಿದ್ದಿದ್ದ. ಯಜಮಾನರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು.

"ಏನವ್ವ, ಕಂಡದಾ ಇಲ್ವಾ? ನೆಟ್ಟಗೆ ಹೇಳು. ಕಾಣದೆ ಇದ್ರೆ ಕಾಣಲ್ಲ ಅನ್ನು."

"ಕಾಣುತ್ತೆ ಸಾರ್. ನಾನು ಸರಿಯಾಗೇ ಹೊಡೆದಿದ್ದೆ."

"ಸರಿಯಾಗಿ ಹೊಡ್ದಿದ್ರೆ ಲಾರಿ ಯಾಕವ್ವ ನಿಂತ್ಕತ್ತದೆ?"

ಯಜಮಾನರು ಎದ್ದು ಹೋದ ಮೇಲೆ ನಾನು ಅತ್ತೆ. ಆ ಹುಡುಗಿ ಬಂದು ನನ್ನ ಕೈ ಹಿಡಿದುಕೊಂಡಳು. "ಅಳ್ಬೇಡಿ ಕಣಕ್ಕ. ನಿಮ್ಮ ತಪ್ಪಲ್ಲ, ಕಣ್ಣಿಂದು" ಅಂದಳು. ಅವಳ ಕೈ ಬೆಚ್ಚಗಿತ್ತು.

ಗಂಡ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಫೋಟೋ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಿ, "ಹೋದ ಸಲ ಹೇಗಿತ್ತೋ ಹಾಗೇ ಇದೆ. ಒಂಚೂರೂ ಹೆಚ್ಚಾಗಿಲ್ಲ" ಅಂದರು. ನಾನು ಬಾಣದ ವಿಷಯ ಹೇಳಿದೆ. ನಿಂತಿರುವ ವಸ್ತು ಓಡುವ ಹಾಗೆ ಈ ಕಾಯಿಲೆಯಲ್ಲಿ ಕಾಣುವುದಿಲ್ಲ ಅಂತ ಅವರು ಹೇಳಿದರು. ಆಮೇಲೆ ಕುರ್ಚಿ ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ನಿದ್ದೆ ಬರುತ್ತದೆಯೇ, ಮನಸ್ಸಿಗೆ ಏನಾದರೂ ಚಿಂತೆಯಿದೆಯೇ, ಕಿವಿಯಲ್ಲಿ ಯಾರಾದರೂ ಮಾತಾಡಿದ ಹಾಗೆ ಆಗುತ್ತದೆಯೇ ಅಂತ ಕೇಳಿದರು. ಗಂಡ ಕೇಳಿಸಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಬೇಗೂರು ದಾಟುವವರೆಗೂ ಅವರು ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು. ಆಮೇಲೆ, "ಕಣ್ಣಾದ್ರೆ ಹೆಂಗೋ ಆಯ್ತಿತ್ತು" ಅಂದರು. ಅಷ್ಟೇ ಅಂದದ್ದು. ಆದರೆ ಅವತ್ತಿನಿಂದ ಮನೆಯಲ್ಲಿ ನಾನು ಹಚ್ಚಿದ ಸ್ಟವ್ವನ್ನು ಹೋಗಿ ನೋಡಿ ಬರುವುದು, ನಾನು ಹಾಕಿದ ಬೀಗವನ್ನು ಎಳೆದು ನೋಡುವುದು ಶುರುವಾಯಿತು. ನಾನು ಏನಾದರೂ ಹೇಳಿದರೆ ಸಣ್ಣ ಮಗುವಿಗೆ ಅಂದ ಹಾಗೆ "ಆಯ್ತು ಆಯ್ತು" ಅನ್ನುತ್ತಿದ್ದರು. ಕಣ್ಣು ಮಂಜಾದಾಗಲೂ ನನ್ನನ್ನು ಹಾಗೆ ಕಂಡವರಲ್ಲ.

ನನಗೂ ನನ್ನ ಮೇಲೆ ನಂಬಿಕೆ ಹೋಯಿತು. ನೆರಳು ಅಲ್ಲಾಡಿದರೆ ನಿಜವಾಗಿ ಅಲ್ಲಾಡಿತೇ ಅಂತ ನಿಂತು ನೋಡುತ್ತಿದ್ದೆ. ಕೊನೆಗೆ ಒಂದು ದಿನ ಯಜಮಾನರ ಹತ್ತಿರ ಹೋಗಿ, "ನನ್ನ ಕೈಲಿ ಬಿಲ್ಲಿನ ಕೆಲಸ ಆಗಲ್ಲ ಸಾರ್, ಬೇರೆ ಏನಾದರೂ ಕೊಡಿ" ಅಂದೆ. ಫೋನು ಎತ್ತುವುದು, ಬಂದವರನ್ನು ಕೂರಿಸಿ ನೀರು ಕೊಡುವುದು ನನಗೆ ಬಂತು. ಬಿಲ್ಲು ಆ ಹುಡುಗಿಗೆ ಹೋಯಿತು.

ಜಾಗ ಬಿಟ್ಟುಕೊಡುವ ದಿನ ಮೇಜನ್ನು ಒರೆಸಿ ಕೊಡೋಣ ಅಂತ ಕೂತೆ. ಕಲ್ಲಿನ ಕಾರ್ಖಾನೆಯಲ್ಲಿ ದೂಳೆಂದರೆ ದೂಳು, ಎಲ್ಲದರ ಮೇಲೂ ಹಿಟ್ಟಿನ ಹಾಗೆ ಕೂತಿರುತ್ತದೆ. ಡಾಕನ್ನು ಕೈಗೆತ್ತಿಕೊಂಡು ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತ ಒರೆಸಿದೆ. ಹಿಂಬದಿಯಲ್ಲಿ, ಗೋಡೆಗೆ ಮುಖ ಮಾಡಿದ್ದ ಕಡೆ, ಒಂದು ತೂತನ್ನು ನಾನು ಖಾಲಿ ಬಿಟ್ಟಿದ್ದೆ. ಅಲ್ಲಿ ಬೆರಳಿಗೆ ಏನೋ ತಡೆಯಿತು. ಅವರೆಕಾಳಿನಷ್ಟು. ಉಗುರು ಕೊಟ್ಟು ಎಳೆದೆ. ಈಚೆಗೆ ಬಂತು.

"ಇದೇನು, ಇದ್ಯಾರು ಹಾಕಿದ್ದು?" ಅಂತ ಕೇಳಿದೆ. ಮುರಿದುಹೋದದ್ದೇನೋ ಅನ್ನುವ ಹೆದರಿಕೆಯಲ್ಲೇ ಕೇಳಿದೆ.

ಮ್ಯಾನೇಜರು ಗಟ್ಟಿಯಾಗಿ ನಕ್ಕುಬಿಟ್ಟರು. "ಮುಗೀತು ಕಣಮ್ಮಿ ನಿನ್ನ ಆಟ. ಸಿಕ್ಕಾಕ್ಕಂಡ್ಬುಟ್ಟೆ" ಅಂದರು, ಆ ಹುಡುಗಿಗೆ.

ಅದು ವಯರಿಲ್ಲದ ಮೌಸಿನ ಜೊತೆ ಬರುವ ತುಂಡು. ಅದನ್ನು ಡಾಕಿಗೆ ಸಿಕ್ಕಿಸಿದರೆ ಸಾಕು, ಮೌಸು ಅಷ್ಟು ದೂರದಲ್ಲಿದ್ದರೂ ನನ್ನ ಪರದೆಯ ಬಾಣವನ್ನು ಓಡಿಸಬಹುದು. ಮೌಸನ್ನು ಅವಳು ಟೇಬಲ್ ಕೆಳಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಸುಮ್ನೆ ತಮಾಸೆಗೆ ಕಣಕ್ಕ" ಅಂದಳು. "ಇಷ್ಟೊಂದಾಯ್ತದೆ ಅಂತ ಗೊತ್ತಿರ್ನಿಲ್ಲ."

"ಲಾರಿ ನಂಬರು?"

"ಅದು ನೋಡ್ಕಂಡು ಮಾಡಿದ್ದಲ್ಲಕ್ಕ. ಅದೆಂಗೋ ಆಗೋಯ್ತು."

"ನಾವು ಫೋನಲ್ಲಿ ತೆಗ್ದಿದ್ವಲ್ಲ, ಆ ವೀಡಿಯೋ ನೋಡ್ದೆ ಇದ್ರೆ ಇವ್ರಿಗೆ ಹೆಂಗೆ ಗೊತ್ತಾಯ್ತದೆ, ತೋರ್ಸು" ಅಂದರು ಮ್ಯಾನೇಜರು. ಅವರಿಗೆ ಇನ್ನೂ ಅದು ಆಟವೇ. ತೋರಿಸು ಅಂತ ನಾನೂ ಅಂದೆ. ಅವಳು ತೋರಿಸಲಿಲ್ಲ. ಮ್ಯಾನೇಜರೇ ಲ್ಯಾಪ್‌ಟಾಪಿನಲ್ಲಿ ತೆಗೆದು ದೊಡ್ಡ ಪರದೆಗೆ ಹಾಕಿದರು.

ನಾನು ಕಣ್ಣಂಚನ್ನು ಪರದೆಗೆ ಒತ್ತಿಕೊಂಡು ನೋಡಿದೆ. ನನ್ನ ನೀಲಿ ಸೀರೆ ಕಾಣಿಸಿತು. ಕೋಳಿಯ ಹಾಗೆ ಕತ್ತನ್ನು ಆ ಕಡೆ ಈ ಕಡೆ ಓರೆ ಮಾಡುತ್ತ, ಪರದೆಗೆ ಮೂಗು ತಾಗಿಸಿ, ಬೆರಳಿನಿಂದ ಗಾಜಿನ ಮೇಲೆ ತಡಕುತ್ತ ಒಬ್ಬ ಹೆಂಗಸು ಬಾಣ ಹುಡುಕುತ್ತಿದ್ದಳು. ನಾನು ಹಾಗೆ ಕಾಣುತ್ತೇನೆ ಅಂತ ನನಗೆ ಅದುವರೆಗೆ ಗೊತ್ತಿರಲಿಲ್ಲ. ಹಿಂದಿನಿಂದ ಮ್ಯಾನೇಜರ ದನಿ: "ಮೇಲಕ್ ತಕಂಡೋಗು, ಮೇಲಕ್ಕೆ... ಅಯ್ಯೋ, ಬಂದ್ಬುಟ್ರು, ಕೆಳುಕ್ಕೆ ಓಡ್ಸು!" ಅದರ ಜೊತೆ ಆ ಹುಡುಗಿಯ ನಗು. ಊಟದ ಹೊತ್ತಿನಲ್ಲಿ ನನ್ನ ಜೊತೆ ನಗುತ್ತಿದ್ದ ಅದೇ ನಗು.

ನಾನು ಯಜಮಾನರ ರೂಮಿಗೆ ಹೋದೆ. ಎಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ನೋಡಿದ್ದೆ ಬುಡವ್ವ. ವಾಟ್ಸಾಪ್ ಗ್ರೂಪಿಗೆ ಆ ವೀಡಿಯೋ ಹಾಕಿದ್ರಲ್ಲ" ಅಂದರು.

"ಯಾವಾಗ ನೋಡಿದ್ರಿ ಸಾರ್?"

"ಆಗ್ಲೇ. ಮೊದಲ್ನೇ ವಾರ್ದಲ್ಲೇ ಇರ್ಬೇಕು."

ಲಾರಿ ನಿಂತ ದಿನ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದಾಗ ಅವರಿಗೆ ಗೊತ್ತಿತ್ತು.

"ಹುಡ್ಗಾಟದ ಐಕ್ಳು ಏನೋ ತಮಾಸೆ ಮಾಡವೆ. ದೊಡ್ಡದು ಮಾಡ್ಬೇಡ" ಅಂದರು.

"ಹಾಗಾದರೆ ನನ್ನ ಕೆಲಸ ನನಗೆ ಕೊಡಿ."

"ಆಗಲ್ಲ ಅಂತ ನೀನೇ ಬಂದು ಅಂದಲ್ಲವ್ವ? ನಾನು ಬುಡಿಸಿದ್ನಾ? ಈಗ ಆ ಹುಡ್ಗಿ ಅದ್ನ ಒಪ್ಕಂಡದೆ. ಸ್ವಲ್ಪ ದಿನ ಇರು, ನೋಡನ." ಅಷ್ಟು ಹೇಳಿ ಫೋನು ಕಿವಿಗಿಟ್ಟುಕೊಂಡರು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಎದ್ದು ನಿಂತು, "ಹಂಗಾದ್ರೆ ನಿನ್ನ ತಲೆ ಸರಿಯಾಗೇ ಅದೆ!" ಅಂದು ನಕ್ಕರು. ಎದೆಯ ಮೇಲಿನ ಭಾರ ಇಳಿದ ನಗು. ಅವರ ಸಿಟ್ಟು ಆಮೇಲೆ ಬಂತು, ಬೈದದ್ದೂ ಆಮೇಲೆ. ನನಗೆ ಮೊದಲು ಬಂದ ನಗುವೇ ಉಳಿಯಿತು. ಇಷ್ಟು ದಿನ ಅವರು ನನ್ನನ್ನು ಹುಚ್ಚಿ ಅಂತಲೇ ನಂಬಿ ನನ್ನ ಪಕ್ಕ ಮಲಗಿದ್ದರು.

ನಾನು ಇನ್ನೂ ಸ್ವಲ್ಪ ಕಾಲ ಅಲ್ಲೇ ಇದ್ದೆ. ಒಂದು ಬೆಳಿಗ್ಗೆ ಆ ಹುಡುಗಿ ಲ್ಯಾಪ್‌ಟಾಪನ್ನು ಡಾಕಿಗೆ ಸಿಕ್ಕಿಸಿದಳು. ಪರದೆ ಬರಲಿಲ್ಲ. ಮೊದಲ ದಿನ ನಾನು ಮಾಡಿದ ತಪ್ಪನ್ನೇ ಮಾಡಿದ್ದಳು ಅಂತ ನನಗೆ ಅನ್ನಿಸಿತು. ಹೊರಗೆ ಲಾರಿ ಸ್ಟಾರ್ಟ್ ಮಾಡಿಕೊಂಡು ಬಿಲ್ಲಿಗೆ ಕಾಯುತ್ತಿತ್ತು. ಅವಳು ಎಲ್ಲ ವಯರುಗಳನ್ನೂ ಕಿತ್ತು ಮತ್ತೆ ಹಾಕಿದಳು.

"ಅಕ್ಕ, ಪರ್ದೆ ಬತ್ತಿಲ್ಲ. ಒಂಚೂರು ನೋಡಿ ಅಕ್ಕ."

"ನನಗೆ ಕಾಣಲ್ಲವಲ್ಲ" ಅಂದೆ.

ಯಜಮಾನರು ಬಂದು ಕೂಗಾಡಿದರು. ನನಗೆ ಅಂದದ್ದಕ್ಕಿಂತ ಕೆಟ್ಟ ಮಾತುಗಳನ್ನು ಅಂದರು. ಅವಳು ಅಳುವುದು ಕೇಳಿಸುತ್ತಿತ್ತು. ನಾನು ಫೋನಿನ ಪಕ್ಕ ಕೂತು ಕೇಳಿಸಿಕೊಂಡೆ. ಎದ್ದು ಹೋಗಿ ಅವಳ ಕೈ ಹಿಡಿಯಲಿಲ್ಲ. ಅವತ್ತು ಊಟ ರುಚಿಯಾಗಿತ್ತು.

ಆಮೇಲೆ ಆ ಕೆಲಸ ಬಿಟ್ಟೆ. ಈಗ ಗುಂಡ್ಲುಪೇಟೆಯಲ್ಲೇ ಚೆಂಡು ಹೂವಿನ ವ್ಯಾಪಾರ ಮಾಡುವವರೊಬ್ಬರ ಲೆಕ್ಕವನ್ನು ಮನೆಯಲ್ಲಿ ಕೂತು ಬರೆಯುತ್ತೇನೆ. ನನ್ನದೇ ಲ್ಯಾಪ್‌ಟಾಪು, ನನ್ನದೇ ಡಾಕು. ಅದಿರುವ ಮೇಜಿನ ಹತ್ತಿರ ಯಾರೂ ಬರುವ ಹಾಗಿಲ್ಲ, ಗಂಡನೂ.

ಹೋದ ವರ್ಷ ಸಂಬಂಧಿಕರನ್ನು ನೋಡಲು ಚಾಮರಾಜನಗರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ "ಅಕ್ಕ" ಅಂತ ಯಾರೋ ತೋಳು ಹಿಡಿದರು. ದನಿಯಿಂದಲೇ ಗೊತ್ತಾಯಿತು. ಅವಳೂ ಆ ಆಫೀಸು ಬಿಟ್ಟಿದ್ದಳಂತೆ. ಮದುವೆ ಗೊತ್ತಾಗಿತ್ತಂತೆ.

"ನನ್ನ ಕ್ಷಮಿಸ್ಬುಡಿ ಅಕ್ಕ" ಅಂದಳು.

"ಆ ವೀಡಿಯೋ ಅಳಿಸಿದ್ಯಾ?"

"ನಾನು ಅಳಿಸ್ಬುಟ್ಟೆ ಅಕ್ಕ." ನನ್ನ ತೋಳು ಬಿಟ್ಟು, "ಬೇರೆಯವ್ರ ಹತ್ರ ಇದ್ರೆ ನಂಗೊತ್ತಿಲ್ಲ" ಅಂದಳು.

ಒಂದು ಬಸ್ಸು ಬಂದು ನಿಂತಿತು. ಬೋರ್ಡು ನನಗೆ ಕಾಣುತ್ತಿರಲಿಲ್ಲ.

"ಗುಂಡ್ಲುಪೇಟೆದೇ ಅಕ್ಕ, ಹತ್ತಿ" ಅಂದು ಅವಳು ನನ್ನ ಬ್ಯಾಗಿಗೆ ಕೈ ಹಾಕಿದಳು.

ನಾನು ಬ್ಯಾಗನ್ನು ಬಿಡಿಸಿಕೊಂಡು ಬಾಗಿಲ ಹತ್ತಿರ ಹೋಗಿ ಕಂಡಕ್ಟರನ್ನು ಕೇಳಿದೆ, ಇದು ಎಲ್ಲಿಗೆ ಹೋಗುತ್ತದೆ ಅಂತ. ಅವಳು ನನ್ನ ಹಿಂದೆಯೇ ನಿಂತು ಅದನ್ನು ಕೇಳಿಸಿಕೊಂಡಳು.

"ಗುಂಡ್ಲುಪೇಟೆ, ಗುಂಡ್ಲುಪೇಟೆ, ಹತ್ತಮ್ಮ ಬೇಗ" ಅಂದ ಕಂಡಕ್ಟರು.

ನಾನು ಹತ್ತಿದೆ. ತಿರುಗಿ ನೋಡಲಿಲ್ಲ.