ಸಲಾವುದ್ದೀನನ ಎಪ್ಪತ್ಮೂರನೇ ಟ್ರ್ಯಾಕು

ಆಳಂದದಲ್ಲಿ ಆಟೋಗೆ ಮೈಕಿನ ಭೋಂಗಾ ಕಟ್ಟಿಕೊಂಡು ಸೇಲು, ಸಾವು, ನೀರು ಬಾರದ ದಿನ ಎಲ್ಲವನ್ನೂ ಸಾರುವವನು ಸಲಾವುದ್ದೀನ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವನ ಧ್ವನಿ ಹೋಯಿತು. ದಂಧೆ ಹೋಗಲಿಲ್ಲ. ಆಸ್ಪತ್ರೆಗೆ ಹೋಗುವ ಮೊದಲೇ ತನ್ನ ಹಳೆಯ ಎಂಪಿತ್ರೀ ಪ್ಲೇಯರಿನ ತುಂಬ ತನ್ನ ಧ್ವನಿ ರೆಕಾರ್ಡ್ ಮಾಡಿಟ್ಟಿದ್ದ, ಜಾಣ.

ಬೆಂಕಿಪೆಟ್ಟಿಗೆಯಷ್ಟಿದ್ದ ಆ ಪ್ಲೇಯರನ್ನು ಅವನು ಕೈಸನ್ನೆಯಲ್ಲೇ ಹೊಗಳುತ್ತಿದ್ದ. ಎಫ್ಎಂ ಬರುತ್ತದೆ, ಒಂದು ಪೆನ್ಸಿಲ್ ಸೆಲ್ಲಿಗೆ ಇಡೀ ದಿನ ನಡೆಯುತ್ತದೆ, ಒಂದೇ ಟ್ರ್ಯಾಕನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತದೆ. ಹೋಲ್ಡ್ ಗುಂಡಿ ಸರಿಸಿದರೆ ಯಾರು ಏನು ಒತ್ತಿದರೂ ಜಪ್ಪಯ್ಯ ಎನ್ನುವುದಿಲ್ಲ.

"ಸರಕಾರಿ ಆಫೀಸ್ ಇದ್ದಂಗ ಅದ ಬಿಡು," ಎನ್ನುತ್ತಿದ್ದ ಚಹಾದಂಗಡಿ ಅಜೀಮ.

ಎಪ್ಪತ್ಮೂರನೇ ಟ್ರ್ಯಾಕು ಸಲಾವುದ್ದೀನನದೇ ಸಾವಿನ ಸುದ್ದಿ. ಊರವರ ಸಾವೆಲ್ಲ ತಾನು ಸಾರಿದ ಮೇಲೆ ತನ್ನದನ್ನು ಯಾವನೋ ತೊದಲುವುದು ಅವನಿಗೆ ಸಹಿಸಲಾಗದು. ಊರು ಒಮ್ಮೆಯಾದರೂ ನಿಂತು ಕೇಳಬೇಕು, ಅದೊಂದೇ ಆಸೆ.

ಕಳೆದ ಸೋಮವಾರ ಕಂಬಳಿ ಸೇಲಿನ ಎಪ್ಪತ್ತೆರಡನ್ನು ಹಚ್ಚಿ ಜೇಬಿಗಿಳಿಸುವಾಗ ಬೆರಳು ಮುಂದಿನ ಟ್ರ್ಯಾಕಿನ ಗುಂಡಿಗೆ ತಾಗಿತು. ಹೋಲ್ಡ್ ಹಾಕಿದ, ಭೋಂಗಾದ ಸದ್ದು ತಾಳದೆ ಎಂದಿನಂತೆ ಕಿವಿಗೆ ಹತ್ತಿ ತುರುಕಿಕೊಂಡು ಹೊರಟ.

"ನಿಮ್ಮ ಸಲಾವುದ್ದೀನ ತೀರಿಕೊಂಡಿದ್ದಾನೆ. ಜನಾಜಾ ನಮಾಜು ಸಂಜೆ ಅಸರ್ ನಂತರ. ಎಲ್ಲರೂ ಬರಬೇಕು."

ಮೂರು ಓಣಿ ದಾಟಿದ. ಒಬ್ಬರೂ ಬೆಚ್ಚಿಬೀಳಲಿಲ್ಲ. ಆಟೋದ ಮೇಲಿನ ಬ್ಯಾನರು ನೋಡಿ ಹೆಂಗಸರು ಕಂಬಳಿಯ ರೇಟು ಕೇಳಿದರು. ಅಜೀಮ ಚಹಾ ಕೊಟ್ಟ. ನನ್ನ ದರ್ಜಿ ಅಂಗಡಿಯಿಂದ ನಾನೂ ಎದ್ದು ಹೋಗಿ, "ಡಬಲ್ ಬೆಡ್ಡಿನವು ಅವ ಏನು?" ಎಂದು ಕೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಲ್ಕನೇ ಓಣಿ ಅವನದೇ. ಅವನ ಹೆಂಡತಿ ಕುಲಸುಮಬಿ ಹಿಟ್ಟಿನ ಕೈಯಲ್ಲೇ, ಬರಿಗಾಲಲ್ಲಿ ಓಡಿ ಬಂದಳು. ಬೇರೆ ಯಾರೋ ಆಟೋ ತಂದಿದ್ದಾರೆ, ಇವನು ಹೋಗಿಬಿಟ್ಟ ಎಂದೇ ಅವಳು ನಂಬಿದ್ದಳು. ಹ್ಯಾಂಡಲ್ ಹಿಡಿದು ಕೂತಿದ್ದವನು ಗಂಡನೇ. ಆಟೋ ಹಿಡಿದು ನಿಂತಳು, ಅವನ ಕಿವಿಯ ಹತ್ತಿ ಕಿತ್ತೆಸೆದಳು.

ಆಗ ಅವನಿಗೆ ಕೇಳಿಸಿತು. ಬೆನ್ನ ಹಿಂದೆ ಕಂಬಳಿ ಕೇಳುತ್ತ ಬಂದಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಇದನ್ನ ಈಗಿಂದೀಗ ಅಳಸ್ರಿ," ಎಂದಳು ಕುಲಸುಮಬಿ. "ಇವರ್ಯಾರಿಗೂ ಬೇಕಾಗಿಲ್ಲ. ನನಗ ಕೇಳಾಕ ಆಗಂಗಿಲ್ಲ."

ಅವನು ಹೋಲ್ಡ್ ತೆಗೆದ. ಅಳಿಸಲೇ ಎಂದು ಪ್ಲೇಯರಿನ ಪುಟ್ಟ ಪರದೆ ಕೇಳಿತು. ಅವನು ತನ್ನ ಹೆಸರನ್ನು ತಾನೇ ಹೇಳಿದ್ದ ಟ್ರ್ಯಾಕು ಅದೊಂದೇ. ಹೆಂಡತಿಯ ಮುಖ ನೋಡುತ್ತ ಹೌದು ಎಂಬ ಗುಂಡಿ ಒತ್ತಿದ.