ಹನಮವ್ವನ ಒಂದು ಕೂಗು

ನವಲಗುಂದದಲ್ಲಿ ಹನಮವ್ವನ ಬಾಯಿಗೆ ಅಂಜದೆ ಇದ್ದವು ಎರಡೇ. ಒಂದು ಅವಳ ಗಂಡ, ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಇನ್ನೊಂದು ಅಣ್ಣಿಗೇರಿ ರಸ್ತೆಯ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ಅದು ಅವಳಿಗಿಂತ ಜೋರಾಗಿ ಒದರುತ್ತಿತ್ತು.

ಶಂಭುಲಿಂಗಪ್ಪ ಸಾವಕಾರರ ಆ ಜಿನ್ನಿನಲ್ಲಿ ಅವಳು ಹದಿನಾಲ್ಕು ಸುಗ್ಗಿ ದುಡಿದಿದ್ದಳು. ಯಂತ್ರಕ್ಕೆ ಹತ್ತಿ ಉಣಿಸುವ ಹದಿನೆಂಟು ಹೆಂಗಸರಿಗೆ ಅವಳೇ ಹಿರಿಯಳು. ಯಾರು ಯಾವ ಯಂತ್ರಕ್ಕೆ ಕೂಡಬೇಕು, ಯಾರು ಎಷ್ಟೊತ್ತಿಗೆ ಎದ್ದು ಕೂಸಿಗೆ ಮೊಲೆ ಕೊಟ್ಟು ಬರಬೇಕು, ಎಲ್ಲಾ ಅವಳು ಹೇಳಿದಂತೆ. ಇದರಿಂದ ಅವಳಿಗೆ ಜಂಬ ಬಂದಿತ್ತು. ಬರಲಿ ಬಿಡಿ, ಹೊಟ್ಟೆ ತುಂಬ ಅರಳೆಯ ಧೂಳು ಕುಡಿದವಳಿಗೆ ಅಷ್ಟಾದರೂ ಬೇಡವೇ?

ಹೆಂಗಸರು ಕೂಡುವ ಜಾಗದ ಹಿಂದೆ, ಬೆನ್ನಿಗೆ ಒಂದು ಮೊಳ ದೂರದಲ್ಲಿ, ಯಂತ್ರಗಳನ್ನು ತಿರುಗಿಸುವ ಪಟ್ಟಾಗಳು ಓಡುತ್ತಿದ್ದವು. ಅವಕ್ಕೆ ಯಾವ ಮರೆಯೂ ಇರಲಿಲ್ಲ. ಎಂಬತ್ತಮೂರರಲ್ಲಿ ಹುಬ್ಬಳ್ಳಿಯಿಂದ ಜೀಪಿನಲ್ಲಿ ಬಂದ ಕಾರ್ಖಾನೆ ಇನ್‌ಸ್ಪೆಕ್ಟರ್ ಸಾಹೇಬರು ಎರಡು ಹುಕುಂ ಬರೆದು ಹೋದರು: ಪಟ್ಟಾಗಳಿಗೆ ಕಬ್ಬಿಣದ ಜಾಳಿಗೆ ಹಾಕಬೇಕು, ಹೆಂಗಸರು ಸೆರಗನ್ನು ಸೊಂಟಕ್ಕೆ ಬಿಗಿಯಬೇಕು. ಜಾಳಿಗೆ ಹಾಕಿದರೆ ಪಟ್ಟಾ ಜಾರಿದಾಗಲೆಲ್ಲ ಬಿಚ್ಚಬೇಕು, ಕೆಲಸ ನಿಲ್ಲುತ್ತದೆ ಎಂದು ಸಾವಕಾರರು ಅದನ್ನು ಮುಂದಿನ ಸುಗ್ಗಿಗೆ ತಳ್ಳಿದರು. ಎರಡನೆಯದಕ್ಕೆ ಒಂದು ಹಲಗೆ ಬರೆಸಿ ಗೋಡೆಗೆ ಹೊಡೆಸಿದರು: ‘ಹೆಣ್ಣು ಕಾರ್ಮಿಕರು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡೇ ಕೆಲಸ ಮಾಡತಕ್ಕದ್ದು.’ ಹದಿನೆಂಟು ಮಂದಿಯಲ್ಲಿ ಅದನ್ನು ಓದಬಲ್ಲವಳು ಒಬ್ಬಳೂ ಇರಲಿಲ್ಲ.

ಓದದಿದ್ದರೂ ಅವರು ದಿನವೆಲ್ಲ ಸೆರಗು ಬಿಗಿದೇ ಇರುತ್ತಿದ್ದರು, ಜೀವದ ಆಸೆ ಯಾರಿಗಿಲ್ಲ? ಆದರೆ ಸಾವಕಾರರು ಒಳಗೆ ಬಂದಾಗ ಬರಿದಲೆಯಲ್ಲಿ ಕೂಡುವುದು ಮಾವನ ಮುಂದೆ ಬರಿದಲೆಯಲ್ಲಿ ನಿಂತಂತೆ. ಅವರ ಬಿಳಿ ಧೋತರ ಅಂಗಳದಲ್ಲಿ ಕಂಡೊಡನೆ ದಿವಾನಜಿ ಈರಪ್ಪ ಬಾಗಿಲಿಂದ ಕೈ ಎತ್ತುತ್ತಿದ್ದ. ಹನಮವ್ವ ಒದರುತ್ತಿದ್ದಳು:

“ಸಾವಕಾರ್ರು ಬಂದ್ರು, ಸೆರಗ!”

ಹದಿನೆಂಟು ಸೆರಗು ಸೊಂಟದಿಂದ ಬಿಚ್ಚಿ ತಲೆಗೇರುತ್ತಿದ್ದವು. ಸಾವಕಾರರು ಒಂದು ಸುತ್ತು ಹಾಕಿ ಹೋದ ಮೇಲೆ ಮತ್ತೆ ಸೊಂಟಕ್ಕೆ. ಇಷ್ಟು ಚಂದದ ಮರ್ಯಾದೆ ಬೇರೆ ಯಾವ ಜಿನ್ನಿನಲ್ಲೂ ಇಲ್ಲವೆಂದು ಹನಮವ್ವ ಹೇಳಿಕೊಳ್ಳುತ್ತಿದ್ದಳು.

ಎಂಬತ್ತೈದರ ಸುಗ್ಗಿಗೆ ಅವಳು ಪಕ್ಕದ ಮನೆಯ ಸೊಸೆ ಶಿವಗಂಗವ್ವನನ್ನು ಕೆಲಸಕ್ಕೆ ಕರೆತಂದಳು. ತಿರ್ಲಾಪುರದಿಂದ ಬಂದ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹನಮವ್ವನನ್ನು ಅತ್ತಿ ಎನ್ನುತ್ತಿದ್ದಳು, ಸ್ವಂತ ಅತ್ತೆಗಿಂತ ಹೆಚ್ಚು ನಂಬಿದ್ದಳು. ಕೆಲಸಕ್ಕೆ ಬಂದು ಒಂಬತ್ತನೆಯ ದಿನ ಈರಪ್ಪ ಕೈ ಎತ್ತಿದ, ಹನಮವ್ವ ಒದರಿದಳು. ಹೊಸಬಳು ಗಡಬಡಿಸಿ ಸೆರಗು ಎಳೆದು ಬೀಸಿದಳು. ತುದಿ ಹಿಂದಿನ ಪಟ್ಟಾಕ್ಕೆ ಸಿಕ್ಕಿತು. ಬಿಡಿಸಿಕೊಳ್ಳಲು ಬಲಗೈ ಹಾಕಿದಳು. ಫಿಟ್ಟರ್ ಮಾಬುಸಾಬ ಓಡಿ ಯಂತ್ರ ನಿಲ್ಲಿಸುವಷ್ಟರಲ್ಲಿ ಬಿಳಿ ಅರಳೆಯೆಲ್ಲ ಕೆಂಪಾಗಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಆ ಕೈಯನ್ನು ಮೊಣಕೈ ಮೇಲಿನವರೆಗೆ ತೆಗೆದರು.

ಸಾವಕಾರರು ಪರಿಹಾರ ಕೊಡಬೇಕೋ ಬೇಡವೋ ಎಂಬುದು, ಸೆರಗನ್ನು ಅವಳಾಗಿ ಬಿಚ್ಚಿದಳೋ ಯಾರಾದರೂ ಬಿಚ್ಚಿಸಿದರೋ ಎಂಬ ವಿಚಾರಣೆಯ ಮೇಲೆ ನಿಂತಿತು. ಮೂರನೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರ ಜೀಪು ಬಂತು. ಅದಕ್ಕೂ ಮೊದಲು ಈರಪ್ಪ ಹನಮವ್ವನನ್ನು ಹತ್ತಿ ತುಂಬಿದ ಅಂಡಿಗೆಗಳ ಮರೆಗೆ ಕರೆದ.

“ಸೆರಗ ಹೊತ್ಕೊ ಅಂತ ಒದರಿದಾಕಿ ನೀನು. ಅದು ಗೊತ್ತಾತಂದ್ರ ಪೊಲೀಸ್ರು ಯಾರನ್ನ ಎಳಕೊಂಡ ಹೋಗ್ತಾರ, ಸಾವಕಾರ್ರನ್ನೇನು?”

“ನೀವ ಕೈ ಎತ್ತಿದ್ರಲ್ರಿ, ದಿವಾನಜಿ!”

“ನಾ ಬೆವರ ಒರಸ್ಕೊಂಡಿರಬೇಕು,” ಎಂದ ಈರಪ್ಪ. ಎಂಥಾ ನಾಲಗೆ ನೋಡಿ!

ಸಾಹೇಬರು ಕೇಳಿದರು: “ಸೆರಗ ಬಿಚ್ಚಂತ ಆಕಿಗೆ ಯಾರರ ಹೇಳಿದ್ರೇನವ್ವ?”

ಹದಿನಾಲ್ಕು ಸುಗ್ಗಿ ಇಡೀ ಜಿನ್ನಿಗೆ ಕೇಳಿಸಿದ ಗಂಟಲು ಅವತ್ತು ಮೇಜಿನ ಆಚೆಗೂ ಕೇಳಿಸಲಿಲ್ಲ. “ಯಾರೂ ಹೇಳಿಲ್ರಿ. ಆಕೀನ ಹೊತ್ಕೊಂಡ್ಳು.” ಹೆಬ್ಬೆಟ್ಟು ಒತ್ತಿ ಎದ್ದು ಬಂದಳು. ಅವಳಿಗೆ ಅಂಜಿಕೆಯಾಗಿತ್ತು, ಅದು ನಿಜ. ಆದರೆ ಮನೆಗೆ ಹೋಗುವಾಗ ಅವಳಿಗೆ ಹಗುರವೂ ಆಗಿತ್ತು, ಅದನ್ನು ಅವಳು ತನಗೇ ಎಂದೂ ಕ್ಷಮಿಸಲಿಲ್ಲ.

ಮಳೆಗಾಲ ಹಿಡಿದ ಮೇಲೆ ಸರಕಾರದ ಕಾಗದ ಬಂತು. ಶಿವಗಂಗವ್ವನ ಮನೆಯ ಕಟ್ಟೆಯ ಮೇಲೆ ಮಾಬುಸಾಬ ಅದನ್ನು ಓದಿದ. ಹನಮವ್ವ ಹುಡುಗಿಯ ಹಿಂದೆ ಕುಳಿತಿದ್ದಳು. ದವಾಖಾನೆಯಿಂದ ಬಂದಾಗಿನಿಂದ ಹುಡುಗಿಗೆ ಜಡೆ ಹೆಣೆಯುತ್ತಿದ್ದವಳು ಅವಳೇ. ಕಾಗದದಲ್ಲಿ ಹೀಗಿತ್ತು: ‘ಸುರಕ್ಷತೆಗಾಗಿ ಕೊಟ್ಟ ಸ್ಪಷ್ಟ ಸೂಚನೆಯನ್ನು ಕಾರ್ಮಿಕಳು ಬೇಕೆಂದೇ ಮೀರಿದ್ದಾಳೆ. ಇದು ಗಾಯಾಳುವಿನ ಹಾಗೂ ಮುಖ್ಯ ಸಾಕ್ಷಿ ಹನಮವ್ವಳ ಹೇಳಿಕೆಗಳಿಂದ ಸಾಬೀತಾಗಿದೆ. ಆದ್ದರಿಂದ ಪರಿಹಾರಕ್ಕೆ ಅರ್ಹಳಲ್ಲ.’ ಜಾಳಿಗೆ ಇಲ್ಲದ್ದಕ್ಕೆ ಮಾಲೀಕರಿಗೆ ಮತ್ತೊಂದು ನೋಟೀಸು ಕಳಿಸಲಾಗಿದೆ ಎಂದೂ ಕೆಳಗೆ ಬರೆದಿತ್ತು.

ಹನಮವ್ವನ ಕೈಯಲ್ಲಿದ್ದ ಜಡೆ ಅರ್ಧಕ್ಕೇ ನಿಂತಿತು. “ಗಾಯಾಳು ಅಂದ್ರ ನೀನ ಅಲ್ಲೇನ ಬೇ? ನೀ ಏನಂತ ಹೇಳಿದಿ?”

“ದವಾಖಾನ್ಯಾಗ ಸಾಹೇಬ್ರು ಬಂದು ಕೇಳಿದ್ರು. ಯಾರೂ ಹೇಳಿಲ್ರಿ, ನಾನ ಹೊತ್ಕೊಂಡೆ ಅಂದೆ. ನಿಮ್ಮ ಹೆಸರ ಹೇಳಿದ್ರ ನಿಮ್ಮ ಕೆಲಸ ಹೋಗ್ತಿತ್ತಲ್ರಿ, ಅತ್ತಿ. ನಂದಂತೂ ಹೋಗಿತ್ತು. ಇದ್ದದ್ದನ್ನ ಹಿರೇರು ನೀವ ಹೇಳ್ತೀರಿ ಅನ್ಕೊಂಡಿದ್ದೆ.” ಹುಡುಗಿ ಮೆಲ್ಲಗೆ ತಿರುಗಿದಳು, ಅರ್ಧ ಹೆಣೆದ ಜಡೆ ಹನಮವ್ವನ ಬೆರಳಿನಿಂದ ಜಾರಿತು. “ನಾ ನಿಮ್ಮನ್ನ ಉಳಸಾಕ ಸುಳ್ಳ ಹೇಳಿದೆ. ನೀವು ಯಾರನ್ನ ಉಳಸಾಕ ಹೇಳಿದ್ರಿ?”

ಮಾಬುಸಾಬ ಕಾಗದ ಮಡಿಚಿ ಶಿವಗಂಗವ್ವನ ಮಗ್ಗುಲಿಗಿಟ್ಟ. ಹನಮವ್ವ ಪಕ್ಕಕ್ಕೆ ಸರಿದಳು. ಒಳಗಿನಿಂದ ಹುಡುಗಿಯ ಸ್ವಂತ ಅತ್ತೆ ಬಂದು, ಸೊಸೆಯ ಹಿಂದೆ ಕುಳಿತು, ಉಳಿದ ಜಡೆ ಹೆಣೆಯತೊಡಗಿದಳು.